ಅಡುಗೆಮನೆ ನವೀಕರಣ: ಯಾವ ಅನಿಲ ವ್ಯವಸ್ಥೆ, ಯಾರ ಹೊಣೆ?

ಮನೆ ನವೀಕರಣಕ್ಕೆ ಕೈಹಾಕಿದವರು ಟೈಲ್ಸ್ ಬಣ್ಣ ಆರಿಸಲು ವಾರಗಟ್ಟಲೆ ಅಂಗಡಿ ಅಲೆಯುತ್ತಾರೆ. ಅನಿಲದ ವಿಷಯ ಬಂದಾಗ ಮಾತ್ರ ‘ಅದನ್ನು ಕೊನೆಗೆ ನೋಡಿಕೊಳ್ಳೋಣ’ ಎಂದುಬಿಡುತ್ತಾರೆ. ಕೊನೆಗೆ ನೋಡುವಷ್ಟರಲ್ಲಿ ಗ್ರಾನೈಟ್ ಕೂತಿರುತ್ತದೆ, ಬಡಗಿ ಬಾಗಿಲು ಜೋಡಿಸಿ ಹೋಗಿರುತ್ತಾನೆ, ಸಿಲಿಂಡರ್ ಪಾಲಿಗೆ ಉಳಿಯುವುದು ಸಿಂಕ್ ಪಕ್ಕದ ಒಂದು ಮುಚ್ಚಿದ ಗೂಡು. ಸಿಲಿಂಡರನ್ನು ಒಳಗೇ ಇಡಬೇಕೋ ಹೊರಗಿಟ್ಟು ತಾಮ್ರದ ಪೈಪ್ ಎಳೆಯಬೇಕೋ, ಬೀದಿಗೆ ಬಂದಿರುವ ಪೈಪ್ ಗ್ಯಾಸ್ ತೆಗೆದುಕೊಳ್ಳಬೇಕೋ, ಅನಿಲವನ್ನೇ ಬಿಟ್ಟು ಇಂಡಕ್ಷನ್ ಒಲೆಗೆ ಹೋಗಬೇಕೋ ಎಂದು ತೂಗಾಡುತ್ತಿರುವ ಓದುಗರಿಗಾಗಿ ಈ ಬರಹ. ಗೋಡೆ ಒಡೆಯುವ ಮುಂಚೆಯೇ ಓದಿದರೆ ಹೆಚ್ಚು ಉಪಯೋಗ.

ಮೊದಲು ಒಂದು ತಪ್ಪು ಕಲ್ಪನೆ ಹೋಗಬೇಕು. ಬ್ರಿಟನ್ನಿನಲ್ಲಿರುವ ನಮ್ಮವರು ‘ಗ್ಯಾಸ್ ಸೇಫ್’ ನೋಂದಣಿಯ ತಂತ್ರಜ್ಞ ಬಂದು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟು ಹೋಗುವುದನ್ನು ಹೇಳುತ್ತಾರೆ. ಅಲ್ಲಿ ಆ ನೋಂದಣಿ ಇಲ್ಲದವರು ಅನಿಲದ ಪೈಪ್ ಮುಟ್ಟುವುದೇ ಕಾನೂನುಬಾಹಿರ. ನಮ್ಮಲ್ಲಿ ಇಡೀ ಮನೆಯ ಅನಿಲ ವ್ಯವಸ್ಥೆ ಸರಿಯಿದೆ ಎಂದು ಹೇಳುವ ಅಂಥ ಒಂದೇ ಪತ್ರ ಇಲ್ಲ. ಇಲ್ಲಿ ಭರವಸೆ ಮೂರು ತುಂಡುಗಳಾಗಿ ಸಿಗುತ್ತದೆ. ಉಪಕರಣಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಮುದ್ರೆ, ಜೋಡಣೆಗೆ ಗ್ಯಾಸ್ ಏಜೆನ್ಸಿಯ ಅಥವಾ ಪೈಪ್ ಗ್ಯಾಸ್ ಕಂಪನಿಯ ತಪಾಸಣೆ, ಸಂಪರ್ಕಕ್ಕೆ ನಿಮ್ಮ ಹೆಸರು ಮತ್ತು ವಿಳಾಸವಿರುವ ದಾಖಲೆ. ಒಳಾಂಗಣ ವಿನ್ಯಾಸಕರ ಗುತ್ತಿಗೆಯಲ್ಲಿ ‘ಗ್ಯಾಸ್ ಪೈಪಿಂಗ್ ಸೇರಿದೆ’ ಎಂದು ಬರೆದಿದ್ದರೆ ಈ ಮೂರರಲ್ಲಿ ಒಂದೂ ಸಿಕ್ಕಿತೆಂದು ಅರ್ಥವಲ್ಲ.

ಯಾವುದರಿಂದ ಅಳೆಯಬೇಕು

ನಾನು ಎಲ್ಲಕ್ಕಿಂತ ಮೇಲೆ ಇಡುವ ಅಳತೆಗೋಲು ಹೊಣೆ. ಸಿಲಿಂಡರ್ ಅಥವಾ ಮೀಟರಿನಿಂದ ಬರ್ನರ್‌ವರೆಗಿನ ದಾರಿಯಲ್ಲಿ ಪ್ರತಿ ಕೀಲಿಗೂ ‘ಇದನ್ನು ಜೋಡಿಸಿದವರು ನಾವು, ತಪ್ಪಿದರೆ ನಮ್ಮನ್ನು ಕೇಳಿ’ ಎನ್ನುವವರು ಇದ್ದಾರೆಯೇ? ಎಲ್ಲಿ ಆ ಸರಪಳಿ ತುಂಡಾಗುತ್ತದೆಯೋ ಅಲ್ಲೇ ಸೋರಿಕೆಯ ಭಯ, ಸೋರಿದ ಮೇಲೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವ ಜಗಳವೂ ಅಲ್ಲೇ.

ಎರಡನೆಯದು ಗಾಳಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ಗೂಡುಗಳ ತಳದಲ್ಲಿ, ಚರಂಡಿಯ ಬಾಯಿಯಲ್ಲಿ ತಂಗುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ಅದು ಚಾವಣಿಗೆ ಏರುತ್ತದೆ. ಒಂದಕ್ಕೆ ಕೆಳಗಡೆ ಕಿಂಡಿ ಬೇಕು, ಇನ್ನೊಂದಕ್ಕೆ ಮೇಲೆ. ಯಾವ ಅನಿಲ ಎಂದು ತೀರ್ಮಾನವಾಗದೆ ಬಡಗಿಗೆ ನಕ್ಷೆ ಕೊಡಬಾರದು ಎನ್ನುವುದಕ್ಕೆ ಇದೇ ದೊಡ್ಡ ಕಾರಣ.

ಮೂರನೆಯದು ಕೈಗೆ ಎಟುಕುವಿಕೆ. ವಾಲ್ವ್, ರೆಗ್ಯುಲೇಟರ್, ರಬ್ಬರ್ ಕೊಳವೆ ಇವು ಮನೆಯ ಹಿರಿಯರಿಗೂ ಬಗ್ಗಿ ತಿರುಗಿಸುವಂತಿರಬೇಕು. ಖರ್ಚು ಮತ್ತು ಮನೆಯ ಸ್ವರೂಪ (ಸ್ವಂತದ್ದೋ ಬಾಡಿಗೆಯದ್ದೋ, ಬಿಡಿ ಮನೆಯೋ ಅಪಾರ್ಟ್‌ಮೆಂಟೋ) ಆಮೇಲೆ ಬರುವ ಮಾತು.

ಅಡುಗೆಮನೆಯೊಳಗೇ ಸಿಲಿಂಡರ್

ಅತಿ ಅಗ್ಗದ ದಾರಿ ಇದು. ಹೊಣೆಯ ಸರಪಳಿಯೂ ಚಿಕ್ಕದು: 14.2 ಕೆ.ಜಿ. ಸಿಲಿಂಡರ್, ಕಂಪನಿಯ ರೆಗ್ಯುಲೇಟರ್, ಒಂದು ಕೊಳವೆ, ಒಂದು ಒಲೆ. ನಡುವೆ ಬೇರೆ ಯಾರ ಕೈಚಳಕವೂ ಇಲ್ಲ. ಏಜೆನ್ಸಿಯ ಮೆಕ್ಯಾನಿಕ್ ಬಂದು ನಾಲ್ಕನ್ನೂ ನಿಂತಲ್ಲೇ ನೋಡಬಲ್ಲ. ಕೊಳವೆ ಐಎಸ್ 9573 ಮಾನಕದ, ಒಳಗೆ ಉಕ್ಕಿನ ತಂತಿಯಿರುವ ಕಿತ್ತಳೆ ಬಣ್ಣದ ‘ಸುರಕ್ಷಾ’ ಕೊಳವೆಯೇ ಆಗಿರಲಿ. ಉದ್ದ ಒಂದೂವರೆ ಮೀಟರ್ ಮೀರಬಾರದು, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಏಜೆನ್ಸಿಯಲ್ಲಿ ಇದಕ್ಕೆ ತಗಲುವುದು ಕೆಲವು ನೂರು ರೂಪಾಯಿ ಮಾತ್ರ. ಲಕ್ಷಗಟ್ಟಲೆ ಸುರಿದು ಮಾಡ್ಯುಲರ್ ಅಡುಗೆಮನೆ ಮಾಡಿಸಿ ಹಳೆಯ, ಬಿರುಕು ಬಿಟ್ಟ ಕೊಳವೆಯನ್ನೇ ಹೊಸ ಒಲೆಗೆ ಸಿಕ್ಕಿಸುವುದನ್ನು ಕಂಡರೆ ಸಂಕಟವಾಗುತ್ತದೆ.

ಇಲ್ಲಿ ಕೆಡುವುದು ಗೂಡು. ಅಡುಗೆ ಕಟ್ಟೆಯ ಕೆಳಗೆ ಸಿಲಿಂಡರ್ ಕಾಣಬಾರದೆಂದು ಬಡಗಿ ನಾಲ್ಕೂ ಕಡೆ ಪ್ಲೈವುಡ್ ಹೊಡೆಯುತ್ತಾನೆ, ಬಾಗಿಲು ಬಿಗಿಯಾಗಿ ಕೂರುವಂತೆ ಅಂಚಿಗೆ ಪಟ್ಟಿ ಅಂಟಿಸುತ್ತಾನೆ, ಜಿರಲೆ ಬಾರದಿರಲೆಂದು ಕೆಳಗಿನ ಸಂದಿಗೆ ಸಿಲಿಕೋನ್ ತುಂಬುತ್ತಾನೆ. ಅಚ್ಚುಕಟ್ಟಾದ ಕೆಲಸವೇ, ಆದರೆ ಸೋರಿದ ಎಲ್‌ಪಿಜಿಗೆ ಹೊರಹೋಗಲು ದಾರಿಯೇ ಇಲ್ಲ. ದ್ರವರೂಪದ ಎಲ್‌ಪಿಜಿ ಅನಿಲವಾದಾಗ ಸುಮಾರು 250 ಪಟ್ಟು ಹಿಗ್ಗುತ್ತದೆ. ಗಾಳಿಯಲ್ಲಿ ಶೇ 2ರಷ್ಟು ಬೆರೆತರೂ ಹೊತ್ತಿಕೊಳ್ಳಲು ಸಾಕು. ಆದ್ದರಿಂದ ಗೂಡಿನ ಬಾಗಿಲಿನಲ್ಲಿ ನೆಲಕ್ಕೆ ತಾಗಿದಂತೆ ಜಾಲರಿ ಇರಲೇಬೇಕು. ಸಾಧ್ಯವಿದ್ದರೆ ಬಾಗಿಲೇ ಬೇಡ, ಪರದೆಯೂ ಬೇಡ. ಅದೇ ಗೂಡಿನಲ್ಲಿ ನೀರು ಶುದ್ಧೀಕರಣ ಯಂತ್ರದ ಪ್ಲಗ್, ಡಿಶ್‌ವಾಷರ್‌ನ ಸ್ವಿಚ್ ಇಡಲು ಎಲೆಕ್ಟ್ರೀಷಿಯನ್ ಹೇಳಿದರೆ ಖಡಾಖಂಡಿತವಾಗಿ ನಿರಾಕರಿಸಿ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು, ರೆಗ್ಯುಲೇಟರಿನ ಗುಂಡಿ ತಿರುಗಿಸಲು ಕೈ ಸಲೀಸಾಗಿ ಹೋಗಬೇಕು.

ಬಾಡಿಗೆ ಮನೆಯವರಿಗೆ, ಚಿಕ್ಕ ಬಜೆಟ್ಟಿನವರಿಗೆ, ಪೈಪ್ ಗ್ಯಾಸ್ ಇನ್ನೂ ಬಾರದ ಊರಿನವರಿಗೆ ನನ್ನ ಸಲಹೆ ಇದೇ. ಅಂದ ಸ್ವಲ್ಪ ಕಡಿಮೆಯಾದರೂ ಲೆಕ್ಕ ಚುಕ್ತಾ.

ಯುಟಿಲಿಟಿಯಲ್ಲಿ ಸಿಲಿಂಡರ್, ತಾಮ್ರದ ಪೈಪ್

ಈಗ ಹೆಚ್ಚು ಜನ ಕೇಳುವುದು ಇದನ್ನೇ. ಗಾಳಿಯ ದೃಷ್ಟಿಯಿಂದ ನೋಡಿದರೆ ಒಳ್ಳೆಯ ಯೋಚನೆ: ಸಿಲಿಂಡರ್ ತೆರೆದ ಜಾಗದಲ್ಲಿರುತ್ತದೆ, ಬದಲಿಸುವಾಗ ಅಡುಗೆಮನೆ ಗಲೀಜಾಗುವುದಿಲ್ಲ. ಆದರೆ ಹೊಣೆಯ ಅಳತೆಗೋಲಿನಲ್ಲಿ ಐದು ದಾರಿಗಳ ಪೈಕಿ ಅತಿ ದುರ್ಬಲವಾದದ್ದು ಇದು. ಪೈಪ್ ಎಳೆಯುವವರು ಸಾಮಾನ್ಯವಾಗಿ ವಿನ್ಯಾಸಕರು ಕರೆತಂದ ಪ್ಲಂಬರ್. ಕೆಲಸ ಮುಗಿದ ಮರುದಿನ ಅವರ ಮೊಬೈಲ್ ಸಂಖ್ಯೆಯೊಂದೇ ನಿಮ್ಮ ಬಳಿ ಉಳಿಯುವ ದಾಖಲೆ. ಏಜೆನ್ಸಿಯವರು ‘ಇದು ನಮ್ಮ ಜೋಡಣೆಯಲ್ಲ’ ಎಂದು ಕೈತೊಳೆದುಕೊಂಡರೆ ಅವರನ್ನು ದೂರುವಂತಿಲ್ಲ.

ಇದೇ ಬೇಕೆಂದಿದ್ದರೆ ಕ್ರಮ ತಲೆಕೆಳಗಾಗಲಿ. ಮೊದಲು ಏಜೆನ್ಸಿಗೆ ಹೋಗಿ, ನಕ್ಷೆ ತೋರಿಸಿ, ಅವರು ಒಪ್ಪುತ್ತಾರೆಯೇ, ಯಾರಿಂದ ಮಾಡಿಸಬೇಕು, ಮುಗಿದ ಮೇಲೆ ಬಂದು ಪರೀಕ್ಷಿಸುತ್ತಾರೆಯೇ ಎಂದು ಕೇಳಿ. ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಒಪ್ಪದಿದ್ದರೆ ಆ ಆಸೆ ಬಿಟ್ಟುಬಿಡಿ. ಸಿಲಿಂಡರ್ ಜೋಡಣೆಗಳಿಗೆ ಐಎಸ್ 6044 ಎಂಬ ಸಂಹಿತೆ ಇದೆ. ಅದರ ಹೆಸರನ್ನೇ ಕೇಳದವನು ಪೈಪ್ ಎಳೆಯಲು ಬಂದಿದ್ದರೆ ಅವನಿಂದ ಮಾಡಿಸಬೇಡಿ. ಪೈಪ್ ಗೋಡೆಯ ಮೇಲೆ ಕಾಣುವಂತೆ ಹೋಗಲಿ. ಪ್ಲಾಸ್ಟರಿನೊಳಗೆ ಹೂತರೆ ಮುಂದೆ ಯಾರೋ ಕ್ಯಾಲೆಂಡರ್ ತೂಗುಹಾಕಲು ಮೊಳೆ ಹೊಡೆಯುತ್ತಾರೆ. ಗೋಡೆ ದಾಟುವಲ್ಲಿ ಹೊರಕವಚವಿರಲಿ, ಒಲೆಯ ಪಕ್ಕದಲ್ಲೇ ಒಂದು ವಾಲ್ವ್ ಇರಲಿ. ಪೈಪನ್ನು ಕವಲೊಡೆಸುವ ‘ಟಿ’ ಆಕಾರದ ಜೋಡಣೆ ಹಾಕಿ ಅದೇ ಸಿಲಿಂಡರಿನಿಂದ ಗೀಸರಿಗೂ ಅನಿಲ ಕೊಡುವ ಉಪಾಯವನ್ನು ಯಾರು ಹೇಳಿದರೂ ಒಪ್ಪಬೇಡಿ.

ಅಪಾರ್ಟ್‌ಮೆಂಟಿನ ಗ್ಯಾಸ್ ಬ್ಯಾಂಕ್

ದೊಡ್ಡ ಸಂಕೀರ್ಣಗಳಲ್ಲಿ ಕೆಳಗೆ ಸಿಲಿಂಡರ್‌ಗಳ ಸಾಲು, ಮೇಲೆ ಮನೆಮನೆಗೆ ಪೈಪ್ ಮತ್ತು ಮೀಟರ್ ಇರುತ್ತದೆ. 2016ರ ಅನಿಲ ಸಿಲಿಂಡರ್ ನಿಯಮಗಳ ಪ್ರಕಾರ 100 ಕೆ.ಜಿ.ಗಿಂತ ಹೆಚ್ಚು ಎಲ್‌ಪಿಜಿ ಇಟ್ಟುಕೊಳ್ಳಲು ಪರವಾನಗಿ ಬೇಕು; ಅದನ್ನು ಕೊಡುವುದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಇಲ್ಲಿ ನೀವು ಆರಿಸುವುದೇನೂ ಹೆಚ್ಚಿಲ್ಲ. ನಿಮ್ಮ ಮನೆಯ ಮೀಟರಿನ ಈಚೆಗಿನ ಪೈಪನ್ನು ಸರಿಸಬೇಕಾದರೆ ನಿವಾಸಿಗಳ ಸಂಘಕ್ಕೆ ಪತ್ರ ಬರೆದು, ಸಂಘ ನಿರ್ವಹಣೆಗೆ ನೇಮಿಸಿದ ಸಂಸ್ಥೆಯಿಂದಲೇ ಮಾಡಿಸಿ. ಹೊರಗಿನ ಪ್ಲಂಬರ್ ಅರ್ಧ ಬೆಲೆಗೆ ಮಾಡಿಕೊಡುತ್ತೇನೆಂದರೂ ಬೇಡ. ನಿಮ್ಮ ಮನೆಯ ಸೋರಿಕೆ ಅಕ್ಕಪಕ್ಕದ ಮನೆಗಳ ಪ್ರಾಣಕ್ಕೂ ಕುತ್ತು.

ಪೈಪ್ ಗ್ಯಾಸ್

ಬೆಂಗಳೂರು ಮತ್ತು ದಕ್ಷಿಣ ಕನ್ನಡದಲ್ಲಿ ಗೇಲ್ ಗ್ಯಾಸ್, ಧಾರವಾಡ ಜಿಲ್ಲೆಯಲ್ಲಿ ಇಂಡಿಯನ್ ಆಯಿಲ್–ಅದಾನಿ ಗ್ಯಾಸ್, ಬೆಳಗಾವಿ ಮತ್ತು ತುಮಕೂರಿನಲ್ಲಿ ಮೇಘಾ ಸಂಸ್ಥೆ, ಹೀಗೆ ಪ್ರದೇಶಕ್ಕೊಂದು ಕಂಪನಿಗೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಅನುಮತಿ ಕೊಟ್ಟಿದೆ. ನಿಮ್ಮ ಬೀದಿಗೆ ಕೊಳವೆ ಬಂದಿದ್ದರೆ, ಮನೆ ಸ್ವಂತದ್ದಾಗಿದ್ದರೆ, ನನ್ನ ಒಲವು ಇದರ ಕಡೆಗೆ. ಕಾರಣ ಮತ್ತೆ ಅದೇ ಹೊಣೆ. ಬೀದಿಯ ಕೊಳವೆಯಿಂದ ಮೀಟರ್, ಮೀಟರಿನಿಂದ ಒಲೆಯ ಪಕ್ಕದ ವಾಲ್ವ್‌ವರೆಗೆ ಒಂದೇ ಕಂಪನಿ ತನ್ನ ಗುತ್ತಿಗೆದಾರರಿಂದ ಹಾಕಿಸುತ್ತದೆ, ಒತ್ತಡ ತುಂಬಿ ಪರೀಕ್ಷಿಸುತ್ತದೆ, ಆಮೇಲಷ್ಟೇ ಅನಿಲ ಬಿಡುತ್ತದೆ. ಆ ದಿನದ ವರದಿಗೆ ನಿಮ್ಮಿಂದಲೂ ಸಹಿ ಹಾಕಿಸಿಕೊಳ್ಳುತ್ತಾರೆ. ಅದರ ಪ್ರತಿ ಕೇಳಿ ಪಡೆದುಕೊಳ್ಳಿ. ‘ಅನಿಲದ ಪ್ರಮಾಣಪತ್ರ’ ಎಂದು ಜನ ಹುಡುಕುವುದಕ್ಕೆ ನಮ್ಮಲ್ಲಿ ಅತಿ ಹತ್ತಿರದ ಕಾಗದ ಇದೇ.

ಅನಾನುಕೂಲಗಳೂ ಇವೆ. ಮೊದಲಿಗೆ ಕೆಲವು ಸಾವಿರ ರೂಪಾಯಿ ಠೇವಣಿ ಕಟ್ಟಬೇಕು, ನಿಗದಿತ ಉದ್ದಕ್ಕಿಂತ ಹೆಚ್ಚು ಪೈಪ್ ಬೇಕಾದರೆ ಬೇರೆ ಹಣ. ನಿಮ್ಮ ಗುತ್ತಿಗೆದಾರನ ವೇಳಾಪಟ್ಟಿಗೆ ಕಂಪನಿ ಕಾಯುವುದಿಲ್ಲ, ಕಂಪನಿಯ ಸರದಿಗೆ ನೀವೇ ಕಾಯಬೇಕು. ಪೈಪನ್ನು ಗೋಡೆಯೊಳಗೆ ಹೂಳಲು ಅವರು ಒಪ್ಪುವುದಿಲ್ಲ, ಆದ್ದರಿಂದ ಹಳದಿ ಪೈಪ್ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಕೆಲವು ವಿನ್ಯಾಸಕರು ಕಂಪನಿಯವರು ಹೋದ ಮೇಲೆ ಅದರ ಮೇಲೆ ಪ್ಯಾನೆಲ್ ಹೊಡೆದು ಮೀಟರನ್ನೂ ಪೆಟ್ಟಿಗೆಯೊಳಗೆ ಮುಚ್ಚುತ್ತಾರೆ. ಅದಕ್ಕೆ ಅವಕಾಶ ಕೊಡಬೇಡಿ. ಬೇಕಾದರೆ ಮೇಲೂ ಕೆಳಗೂ ಜಾಲರಿಯಿರುವ, ಬೀಗವಿಲ್ಲದ ಬಾಗಿಲು ಮಾಡಿಸಿ, ಕಂಪನಿಯನ್ನು ಕೇಳಿಯೇ ಮಾಡಿಸಿ. ಪೈಪ್ ಗ್ಯಾಸ್ ಬಂದ ಮೇಲೆ ಹಳೆಯ ಎಲ್‌ಪಿಜಿ ಸಂಪರ್ಕವನ್ನು ಏನು ಮಾಡಬೇಕೆಂಬ ಈಗಿನ ನಿಯಮವನ್ನು ಅರ್ಜಿ ಹಾಕುವಾಗಲೇ ತಿಳಿದುಕೊಳ್ಳಿ.

ಅನಿಲವೇ ಬೇಡವೆಂದರೆ

ಇಂಡಕ್ಷನ್ ಒಲೆಯಲ್ಲಿ ಸೋರಿಕೆಯ ಪ್ರಶ್ನೆ ಇಲ್ಲ. ಒಬ್ಬರು ಇಬ್ಬರಿರುವ ಮನೆಗೆ, ಮರೆವಿನ ವಯಸ್ಸಿನ ಹಿರಿಯರು ಒಂಟಿಯಾಗಿರುವ ಮನೆಗೆ ಇದನ್ನು ಗಂಭೀರವಾಗಿ ಯೋಚಿಸಬೇಕು. ಆದರೆ ಪ್ರಮಾಣೀಕರಣದ ತಲೆನೋವು ಇಲ್ಲಿ ವಿದ್ಯುತ್ತಿನ ಕಡೆಗೆ ಸರಿಯುತ್ತದೆ. ಒಂದೊಂದು ಒಲೆಗೂ ಎರಡು ಕಿಲೋವ್ಯಾಟ್ ಆಸುಪಾಸು ಬೇಕು. ಹಳೆಯ ಮನೆಯ ಮಂಜೂರಾದ ಲೋಡ್ ಸಾಲದು. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಪ್ರತ್ಯೇಕ ತಂತಿ, 16 ಆ್ಯಂಪಿಯರ್ ಪ್ಲಗ್, ಸರಿಯಾದ ಅರ್ಥಿಂಗ್ ಹಾಕಿಸಿ, ಬೆಸ್ಕಾಂನಂಥ ನಿಮ್ಮ ಪ್ರದೇಶದ ವಿದ್ಯುತ್ ಕಂಪನಿಯಲ್ಲಿ ಲೋಡ್ ಹೆಚ್ಚಿಸಿಕೊಳ್ಳಬೇಕು. ಅಲ್ಯೂಮಿನಿಯಂ, ತಾಮ್ರದ ಪಾತ್ರೆಗಳು ಸಾಮಾನ್ಯ ಇಂಡಕ್ಷನ್ನಿನಲ್ಲಿ ಬಿಸಿಯಾಗುವುದಿಲ್ಲ. ಬದನೆಕಾಯಿ ಸುಡುವುದು, ಜೋಳದ ರೊಟ್ಟಿಯನ್ನು ಕೆಂಡದ ಮೇಲಿಟ್ಟಂತೆ ಉಬ್ಬಿಸುವುದು ಆಗದ ಮಾತು. ಪೂರ್ತಿ ಬದಲಾಯಿಸುವ ಬದಲು ಒಂದು ಇಂಡಕ್ಷನ್ ಜಾಗವನ್ನು ಈಗಲೇ ತಂತಿಸಮೇತ ಸಿದ್ಧಮಾಡಿಸಿಟ್ಟುಕೊಳ್ಳುವುದು ಜಾಣತನ. ಗೋಡೆ ತೆರೆದಿರುವಾಗ ಅದರ ಖರ್ಚು ಕಡಿಮೆ.

ಒಲೆ: ಕಟ್ಟೆಯ ಮೇಲಿನದೋ, ಕಟ್ಟೆಯೊಳಗಿನದೋ

ಅನಿಲ ಯಾವುದೆಂದು ತೀರ್ಮಾನವಾದ ಮೇಲೆಯೇ ಒಲೆ ಕೊಳ್ಳಿ. ಎಲ್‌ಪಿಜಿ ಒಲೆಗೆ ಐಎಸ್ 4246, ಪೈಪ್ ಗ್ಯಾಸ್ ಒಲೆಗೆ ಐಎಸ್ 17153 ಮಾನಕ. ಎಲ್‌ಪಿಜಿ ರೆಗ್ಯುಲೇಟರ್ ಕೊಡುವ ಒತ್ತಡ ಸುಮಾರು 30 ಮಿಲಿಬಾರ್, ಪೈಪ್ ಗ್ಯಾಸ್ 21 ಮಿಲಿಬಾರ್. ಅಷ್ಟೇ ಗಾತ್ರದ ನೈಸರ್ಗಿಕ ಅನಿಲದಲ್ಲಿ ಶಾಖವೂ ಎಲ್‌ಪಿಜಿಯ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಪೈಪ್ ಗ್ಯಾಸಿಗೆ ಬರ್ನರಿಗೆ ಅನಿಲ ಬಿಡುವ ಜೆಟ್‌ನ ರಂಧ್ರ ದೊಡ್ಡದಿರಬೇಕು. ಹಾಗೆ ಹಿಗ್ಗಿಸಿದ ಒಲೆಗೆ ಮತ್ತೆ ಸಿಲಿಂಡರ್ ಜೋಡಿಸಿದರೆ ಜ್ವಾಲೆ ಹಳದಿಯಾಗಿ ಚಾಚುತ್ತದೆ, ಪಾತ್ರೆ ಕಪ್ಪಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಈ ಬದಲಾವಣೆಯನ್ನು ಕಂಪನಿಯ ತಂತ್ರಜ್ಞರೇ ಮಾಡಲಿ.

ಕಟ್ಟೆಯ ಮೇಲಿಡುವ ಎರಡು ಬರ್ನರ್ ಒಲೆ ಕೆಲವೇ ಸಾವಿರಕ್ಕೆ ಸಿಗುತ್ತದೆ, ಕೊಳವೆ ಕಣ್ಣೆದುರೇ ಇರುತ್ತದೆ, ಮನೆ ಬದಲಿಸಿದರೆ ಜೊತೆಗೇ ಬರುತ್ತದೆ. ಗ್ರಾನೈಟ್ ಕೊರೆದು ಕೂರಿಸುವ ಹಾಬ್ ಅದಕ್ಕಿಂತ ಹಲವು ಪಟ್ಟು ದುಬಾರಿ. ಅದರ ಕೊಳವೆ ಡ್ರಾಯರ್ ಹಿಂದೆ ಅಡಗುತ್ತದೆ. ಡ್ರಾಯರ್ ಎಳೆದಾಗಲೆಲ್ಲ ಅದರ ಬೆನ್ನು ಕೊಳವೆಗೆ ಉಜ್ಜುವ ಮನೆಗಳೂ ಇವೆ. ಹಾಬ್ ಪರವಾಗಿ ಹೇಳಬೇಕಾದ ಒಂದು ಗಟ್ಟಿ ಮಾತಿದೆ: ಹಲವು ಮಾದರಿಗಳಲ್ಲಿ ಹಾಲು ಉಕ್ಕಿ ಜ್ವಾಲೆ ಆರಿದರೆ ಅನಿಲ ತಾನಾಗಿ ನಿಲ್ಲುವ ಸಾಧನವಿರುತ್ತದೆ. ಹೆಚ್ಚಿನ ಹಣ ಕೊಡುವುದಾದರೆ ಗಾಜಿನ ಹೊಳಪಿಗೆ ಕೊಡಬೇಡಿ, ಇದಕ್ಕೆ ಕೊಡಿ. ಹಾಬ್ ಕೆಳಗೆ ಡ್ರಾಯರ್ ಬದಲು ತೆರೆಯುವ ಬಾಗಿಲಿನ ಕಪಾಟು ಮಾಡಿಸಿ.

ಅಂಗಡಿಯಲ್ಲಿ ಒಲೆಯನ್ನು ತಿರುಗಿಸಿ ನೋಡಿ. ಐಎಸ್‌ಐ ಮುದ್ರೆಯ ಮೇಲ್ಗಡೆ ಐಎಸ್ ಸಂಖ್ಯೆ, ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು, ಯಾವ ಮಾನಕ, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ಅಲ್ಲೇ ಕಾಣಿಸುತ್ತದೆ. ‘ವಿದೇಶಿ ಮಾಲು, ಇದಕ್ಕೆ ಐಎಸ್‌ಐ ಬೇಕಿಲ್ಲ’ ಎನ್ನುವ ಮಾರಾಟಗಾರನ ಮಾತು ನಂಬಬೇಡಿ. ಎಷ್ಟೇ ಚೆಂದವಿದ್ದರೂ ಆ ಒಲೆ ಬಿಟ್ಟು ಮುಂದಕ್ಕೆ ನಡೆಯಿರಿ.

ಸ್ನಾನದ ಮನೆಯ ಗೀಸರ್

ನವೀಕರಣದ ಪಟ್ಟಿಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಇಲ್ಲಿ ನಿಲ್ಲಿ. ಗಾಳಿಯಾಡದ ಸ್ನಾನದ ಮನೆಯಲ್ಲಿ ಅದು ಉರಿಯುತ್ತಾ ಆಮ್ಲಜನಕವನ್ನು ತಿಂದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಕುಸಿದುಬಿದ್ದು ತೀರಿಕೊಂಡ ಸುದ್ದಿಗಳು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಗೀಸರ್‌ಗೆ ಐಎಸ್ 15558 ಮುದ್ರೆಯಿದ್ದರೂ ಮುಚ್ಚಿದ ಕೋಣೆ ಅದರ ಪ್ರಯೋಜನವನ್ನು ಅಳಿಸಿಹಾಕುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಸ್ನಾನದ ಮನೆಯೊಳಗೆ ಬೇಡವೇ ಬೇಡ. ಹೊರಗೋಡೆಯ ಮೇಲೆ ಅಥವಾ ತೆರೆದ ಯುಟಿಲಿಟಿಯಲ್ಲಿಟ್ಟು ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರಲು ಸಾಧ್ಯವಿದ್ದರೆ ಯೋಚಿಸಿ, ಇಲ್ಲವಾದರೆ ವಿದ್ಯುತ್ ಗೀಸರ್ ಅಥವಾ ತಾರಸಿಯ ಸೋಲಾರ್ ಸಾಕು. ಚಳಿ ಎಂದು ಸ್ನಾನದ ಮನೆಯ ಕಿಂಡಿಗೆ ಗಾಜು ಹಾಕಿ ಮುಚ್ಚುವ ನವೀಕರಣವಂತೂ ಗ್ಯಾಸ್ ಗೀಸರ್ ಜೊತೆ ಹೋಗಲೇಬಾರದು.

ಕಾಗದ ಮತ್ತು ಕೊನೆಯ ಕಂತು

ಕೆಲಸ ನಡೆಯುವಾಗ ಬಾಡಿಗೆ ಮನೆಗೆ ಹೋಗಿ ಸಿಲಿಂಡರನ್ನೂ ಹೊತ್ತೊಯ್ಯುವವರು ಏಜೆನ್ಸಿಗೆ ವಿಳಾಸ ತಿಳಿಸುವುದನ್ನು ಮರೆಯುತ್ತಾರೆ. ತೈಲ ಕಂಪನಿಗಳು ನೋಂದಾಯಿತ ಗೃಹಬಳಕೆದಾರರಿಗಾಗಿ ಮಾಡಿಸಿರುವ ವಿಮೆಯಲ್ಲಿ ಅನಿಲ ಅವಘಡದ ಸಾವಿಗೆ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದವರೆಗೆ, ಆಸ್ತಿ ಹಾನಿಗೆ 2 ಲಕ್ಷದವರೆಗೆ ಪರಿಹಾರವಿದೆ. ಆಸ್ತಿಯ ಪರಿಹಾರ ಸಿಗುವುದು ನೋಂದಾಯಿತ ವಿಳಾಸದಲ್ಲಿ ನಡೆದ ಅವಘಡಕ್ಕೆ. ಆದ್ದರಿಂದ ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ ವಿಳಾಸ ಬದಲಿಸಿಕೊಳ್ಳಿ. ಸಂಪರ್ಕದ ವೋಚರ್, ಒಲೆಯ ಬಿಲ್, ಕೊಳವೆಯ ಬಿಲ್, ತಪಾಸಣೆಯ ರಸೀದಿ ಒಂದೇ ಕಡತದಲ್ಲಿರಲಿ. ಎಲ್‌ಪಿಜಿ ಸಂಪರ್ಕಕ್ಕೆ ಐದು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇದ್ದೇ ಇದೆ. ನಿಮ್ಮ ಸರದಿ ಬಂದಿರಲಿ ಬಿಡಲಿ, ನವೀಕರಣ ಮುಗಿದ ಮೇಲೆ ಕೇಳಿ ಮಾಡಿಸಿಕೊಳ್ಳಿ.

ಗುತ್ತಿಗೆದಾರರೊಡನೆ ಒಪ್ಪಂದ ಬರೆಯುವಾಗಲೇ ಒಂದು ಸಾಲು ಸೇರಿಸಿ: ಅನಿಲದ ತಪಾಸಣೆ ಮುಗಿದ ಮೇಲಷ್ಟೇ ಕೊನೆಯ ಕಂತು. ಆ ತಪಾಸಣೆ ಬಾಗಿಲು, ಡ್ರಾಯರ್, ಚಿಮಣಿ ಎಲ್ಲ ಕೂರಿಸಿದ ನಂತರ ನಡೆಯಬೇಕು, ಏಕೆಂದರೆ ಕೊಳವೆ ಮಡಚಿಕೊಳ್ಳುವುದೂ ಕೀಲು ಸಡಿಲವಾಗುವುದೂ ಆ ಕೊನೆಯ ಎರಡು ದಿನಗಳಲ್ಲೇ. ಮೆಕ್ಯಾನಿಕ್ ಪ್ರತಿ ಕೀಲಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಲಿ; ಬೆಂಕಿಕಡ್ಡಿ ಗೀರಿ ನೋಡುವವನನ್ನು ತಕ್ಷಣ ತಡೆಯಿರಿ. ಬರ್ನರ್ ಹಚ್ಚಿ ನೀಲಿ ಜ್ವಾಲೆ ಬರುತ್ತಿದೆಯೇ, ಚಿಮಣಿ ಓಡುವಾಗಲೂ ಅದು ಅಲುಗದೆ ಉರಿಯುತ್ತದೆಯೇ ನೋಡಿ. ಅವರು ಹೊರಡುವ ಮುನ್ನ ಮನೆಯವರೆಲ್ಲರಿಂದಲೂ ಒಮ್ಮೆ ವಾಲ್ವ್ ಮುಚ್ಚಿಸಿ ತೆರೆಸಿ. ಎಲ್‌ಪಿಜಿ ಸೋರಿಕೆಗೆ ದಿನದ 24 ಗಂಟೆಯೂ 1906 ಸಂಖ್ಯೆಗೆ ಕರೆ ಮಾಡಬಹುದು. ಪೈಪ್ ಗ್ಯಾಸಿನವರು ತಮ್ಮ ಕಂಪನಿಯ ತುರ್ತು ಸಂಖ್ಯೆಯನ್ನು ಬಿಲ್ಲಿನಿಂದ ಬರೆದುಕೊಂಡು ಅಡುಗೆಮನೆಯ ಹೊರಗಡೆ ಅಂಟಿಸಿ, ಏಕೆಂದರೆ ಅನಿಲದ ವಾಸನೆ ಬಂದಾಗ ಒಳಗೆ ನಿಂತು ಮೊಬೈಲ್ ಒತ್ತುವಂತಿಲ್ಲ.